ಹಾಡುಹಗಲಲ್ಲೊಂದು ದೀಪ

ಎದುರಿನಿಂದ ಬರುವ ಬೈಕ್ ಸವಾರ ಎಡಗೈ ಎತ್ತಿ ಬೆರಳುಗಳನ್ನು ಮುಚ್ಚಿ ಬಿಚ್ಚಿ ತೋರಿಸಿದರೆ ಏನರ್ಥವೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ‘ಲೈಟ್ ಉರೀತಿದೆ ನೋಡಿ, ಆರಿಸಿ’ ಎಂದು ಅವನು ಹೇಳುತ್ತಿದ್ದಾನೆ. ಗುರುತು ಪರಿಚಯವಿಲ್ಲದವರಿಗೂ ನಾವು ರಸ್ತೆಯಲ್ಲಿ ಮಾಡುವ ಪುಟ್ಟ ಉಪಕಾರ ಇದು. ಆದರೆ 2017ರ ಏಪ್ರಿಲ್ 1ರ ಈಚಿನ ಹೊಸ ಬೈಕು, ಸ್ಕೂಟರುಗಳ ಮಟ್ಟಿಗೆ ಈ ಉಪಕಾರದಿಂದ ಏನೂ ಪ್ರಯೋಜನವಿಲ್ಲ. ಎಂಜಿನ್ ಚಾಲೂ ಆದೊಡನೆ ಅವುಗಳ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆರಿಸೋಣವೆಂದರೆ ಸ್ವಿಚ್ಚೇ ಇರುವುದಿಲ್ಲ. ಕೇಂದ್ರ ಸರ್ಕಾರದ ನಿಯಮವೇ ಹಾಗಿದೆ.

ಕಾರುಗಳಿಗೆ ನಮ್ಮಲ್ಲಿ ಇಂಥ ಕಡ್ಡಾಯವಿಲ್ಲ. ಆದರೂ ಹೊಸ ಕಾರುಗಳ ಮೂತಿಯಲ್ಲಿ ಹಗಲು ಹೊತ್ತಿನಲ್ಲೂ ಬೆಳ್ಳಗೆ ಉರಿಯುವ ಎಲ್‌ಇಡಿ ಗೆರೆಗಳನ್ನು ನೀವು ನೋಡಿರುತ್ತೀರಿ. ಡೇಟೈಮ್ ರನ್ನಿಂಗ್ ಲೈಟ್, ಚುಟುಕಾಗಿ ಡಿಆರ್‌ಎಲ್ ಎಂದು ಕಂಪನಿಗಳು ಕರೆಯುವ ಇದನ್ನು ನಾವಿಲ್ಲಿ ಹಗಲುದೀಪ ಎನ್ನೋಣ. ಮಟಮಟ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸುಮಾರು 1,00,000 ಲಕ್ಸ್ ಬೆಳಕು ಸುರಿಯುತ್ತದೆ. ಅಷ್ಟು ಬೆಳಕಿನ ನಡುವೆ ಈ ಕಡ್ಡಿಯಷ್ಟು ದೀಪಕ್ಕೇನು ಕೆಲಸ? ಜೀವ ಉಳಿಸುವ ಸಾಧನವೋ, ಶೋರೂಮಿನ ಶೋಕಿಯೋ?

ಎರಡು ಕಡೆಯವರ ಮಾತಿನಲ್ಲೂ ಹುರುಳಿದೆ. ಯಾರ ಮಾತು ಯಾವಾಗ ಸರಿ ಎಂಬುದು ದೀಪಕ್ಕಿಂತ ಹೆಚ್ಚಾಗಿ ದೀಪದ ಹಿಂದೆ ಏನಿದೆ ಎಂಬುದರ ಮೇಲೆ ನಿಂತಿದೆ.

ದೇಹೂ ರೋಡಿನಲ್ಲಿ ನಿಂತು ನೋಡಿದರೆ

ಇದನ್ನು ಒಂದು ರಸ್ತೆಯ ಬದಿಯಲ್ಲಿ ನಿಂತೇ ನೋಡೋಣ. ಬೆಂಗಳೂರಿನಿಂದ ಹೊರಟ 48ನೇ ರಾಷ್ಟ್ರೀಯ ಹೆದ್ದಾರಿ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ದಾಟಿ, ಕೊಲ್ಹಾಪುರ, ಸಾತಾರಾ ಹಾದು, ಪುಣೆ ನಗರವನ್ನು ಬೈಪಾಸಿನಲ್ಲಿ ಬಳಸಿಕೊಂಡು ಬರುತ್ತದೆ. ಕಾತ್ರಜದಲ್ಲಿ ಶುರುವಾಗುವ ಆ ಬೈಪಾಸ್ ಮುಗಿಯುವುದು ದೇಹೂ ರೋಡ್ ಎಂಬ ದಂಡಿನ ಊರಿನಲ್ಲಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಪುಣೆ ತುದಿಯಾದ ಕಿವಳೆಯೂ ಇದರ ಮಗ್ಗುಲಲ್ಲೇ ಇದೆ. ಸುಮಾರು 94 ಕಿಲೋಮೀಟರ್ ಉದ್ದದ ಆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಹೀಗಾಗಿ ಕಾರುಗಳು ಅತ್ತ ಹೊರಳುತ್ತವೆ, ಬೈಕುಗಳು ದಂಡುಪ್ರದೇಶದ ನಡುವಿನ ಹಳೆಯ ಮುಂಬೈ ರಸ್ತೆ ಹಿಡಿಯುತ್ತವೆ.

ಆ ಹಳೆಯ ರಸ್ತೆಯ ಬದಿಯಲ್ಲಿ ಒಂದರ್ಧ ಗಂಟೆ ನಿಂತರೆ ಸಾಕು, ನಮ್ಮ ದೇಶದ ರಸ್ತೆಯ ಇಡೀ ಸಂಸಾರ ಕಣ್ಣೆದುರು ಹಾಯುತ್ತದೆ. ಕೆಎ 22, ಕೆಎ 25 ಫಲಕದ ಲಾರಿಗಳು, ಹಗಲುದೀಪದ ಹೊಸ ಕಾರುಗಳು, ದೀಪವಿಲ್ಲದ ಹಳೆಯ ಕಾರುಗಳು, ತಾನಾಗಿ ಉರಿಯುವ ಹೆಡ್‌ಲೈಟಿನ ಬೈಕುಗಳು, ಸೇನೆಯ ಡಿಪೋ ಕೆಲಸಕ್ಕೆ ಹೊರಟ ಸೈಕಲ್ಲುಗಳು, ರೈಲ್ವೆ ಸ್ಟೇಷನ್ ಕಡೆ ರಸ್ತೆ ದಾಟುವ ಜನ. ಹಗಲುದೀಪದ ಲಾಭ ನಷ್ಟ ತೂಗಲು ಬೇಕಾದ ಪಾತ್ರಗಳೆಲ್ಲ ಇಲ್ಲೇ ಇವೆ.

ದಾರಿ ತೋರಿಸದ ದೀಪ

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೆಡ್‌ಲೈಟ್ ಇರುವುದು ಚಾಲಕನಿಗೆ ರಸ್ತೆ ಕಾಣಲಿ ಎಂದು. ಹಗಲುದೀಪ ಇರುವುದು ಚಾಲಕ ಬೇರೆಯವರಿಗೆ ಕಾಣಲಿ ಎಂದು. ಅದು ರಸ್ತೆಯನ್ನು ಬೆಳಗುವುದೇ ಇಲ್ಲ. ಕತ್ತಲೆಯಲ್ಲಿ ಬರಿ ಹಗಲುದೀಪ ಹಚ್ಚಿಕೊಂಡು ಹೊರಟರೆ ಮುಂದಿನ ಗುಂಡಿ ಕಾಣುವುದಿಲ್ಲ.

ಹಗಲುದೀಪ ಎಷ್ಟು ಪ್ರಖರವಾಗಿರಬೇಕು ಎಂಬುದಕ್ಕೆ ವಿಶ್ವಸಂಸ್ಥೆಯ ಯುರೋಪ್ ಆಯೋಗದ 87ನೇ ನಿಯಮ ಒಂದು ಮಿತಿ ಹಾಕಿದೆ. ನೇರ ಮುಂದಕ್ಕೆ ಕನಿಷ್ಠ 400 ಕ್ಯಾಂಡೆಲಾ, ಯಾವ ದಿಕ್ಕಿಗೂ ಗರಿಷ್ಠ 1,200 ಕ್ಯಾಂಡೆಲಾ. ಒಂದು ಕ್ಯಾಂಡೆಲಾ ಎಂದರೆ ಹೆಚ್ಚುಕಡಿಮೆ ಒಂದು ಮೇಣದಬತ್ತಿಯ ಬೆಳಕು. ಹೈ ಬೀಮಿಗೆ ಹಾಕಿದ ಹೆಡ್‌ಲೈಟ್ ಹತ್ತಾರು ಸಾವಿರ ಕ್ಯಾಂಡೆಲಾ ಚೆಲ್ಲುತ್ತದೆ. ಅದರ ಮುಂದೆ ಹಗಲುದೀಪ ಬಡಪಾಯಿ. ಹಾಗಿರಬೇಕೆಂದೇ ಅದನ್ನು ಮಾಡಿರುವುದು, ಏಕೆಂದರೆ ಕಾಣಿಸಿಕೊಳ್ಳಲು ಕಣ್ಣು ಕುಕ್ಕಬೇಕಾಗಿಲ್ಲ.

ನೋಡಿದರೂ ಕಾಣಲಿಲ್ಲ

ಅಪಘಾತವಾದ ಮೇಲೆ ಚಾಲಕರು ಹೇಳುವ ಮಾತೊಂದಿದೆ: ‘ಎರಡೂ ಕಡೆ ನೋಡಿಯೇ ದಾಟಿದೆ ಸಾರ್, ಎಲ್ಲಿಂದ ಬಂತೋ ಗೊತ್ತಾಗಲಿಲ್ಲ.’ ಕೇಳಿದವರು ಸುಳ್ಳು ಎಂದುಕೊಳ್ಳುತ್ತಾರೆ. ಆದರೆ ರಸ್ತೆ ಸುರಕ್ಷತೆಯ ಸಂಶೋಧಕರು ಈ ಮಾತನ್ನು ನಂಬುತ್ತಾರೆ. ‘ನೋಡಿದರೂ ಕಾಣಲಿಲ್ಲ’ ಎಂಬುದು ಅವರ ಪಟ್ಟಿಯಲ್ಲಿ ಒಂದು ಪ್ರತ್ಯೇಕ ಬಗೆಯ ಅಪಘಾತ.

ಇದಕ್ಕೆ ಕಾರಣ ನಮ್ಮ ಕಣ್ಣಿನ ರಚನೆಯಲ್ಲಿದೆ. ಇಡೀ ದೃಶ್ಯ ಸ್ಪಷ್ಟವಾಗಿ ಕಾಣುತ್ತಿದೆ ಎಂದು ನಮಗೆ ಅನಿಸುತ್ತದೆ. ನಿಜಕ್ಕೂ ತೀಕ್ಷ್ಣವಾಗಿ ಕಾಣುವುದು ಅಕ್ಷಿಪಟಲದ ನಟ್ಟನಡುವಿನ ಸಣ್ಣ ಚುಕ್ಕೆಯಲ್ಲಿ ಬೀಳುವ ಭಾಗ ಮಾತ್ರ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ತೀಕ್ಷ್ಣ ನೋಟದ ವಿಸ್ತಾರ ಹೆಚ್ಚುಕಡಿಮೆ ಅಷ್ಟೇ, ಸುಮಾರು ಎರಡು ಡಿಗ್ರಿ. ಉಳಿದದ್ದೆಲ್ಲ ಕಡೆಗಣ್ಣಿನ ಮಸುಕು ನೋಟ.

ಆ ಕೊರತೆ ತುಂಬಲು ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತದೆ. ಜಿಗಿಯುವಾಗ ದೃಶ್ಯ ಕಲಸಿಹೋಗಬಾರದೆಂದು ಮಿದುಳು ಆ ಕ್ಷಣದ ನೋಟವನ್ನು ಅದುಮಿಬಿಡುತ್ತದೆ. ನಿಂತಲ್ಲಿ ಕಂಡ ತುಣುಕುಗಳನ್ನು ಹೊಲಿದು ನಡುವಿನ ಜಾಗವನ್ನು ತಾನೇ ತುಂಬಿಸಿಕೊಳ್ಳುತ್ತದೆ. ಅಡ್ಡರಸ್ತೆಯಿಂದ ಬಂದ ಚಾಲಕ ಗಡಿಬಿಡಿಯಲ್ಲಿ ಬಲಕ್ಕೆ, ಎಡಕ್ಕೆ ಕತ್ತು ತಿರುಗಿಸಿದರೆ ಕಣ್ಣು ನಾಲ್ಕಾರು ಕಡೆ ಮಾತ್ರ ನಿಲ್ಲುತ್ತದೆ. ಬೈಕೊಂದು ಎರಡು ನಿಲುಗಡೆಗಳ ನಡುವೆ ಸಿಕ್ಕಿಬಿದ್ದರೆ ಅದು ತೀಕ್ಷ್ಣ ನೋಟಕ್ಕೆ ಬೀಳುವುದೇ ಇಲ್ಲ. ಆಗ ಚಾಲಕ ನೋಡಿದ್ದೂ ನಿಜ, ಕಾಣದೆ ಹೋದದ್ದೂ ನಿಜ.

ಹಗಲುದೀಪ ಕೆಲಸ ಮಾಡುವುದು ಇಲ್ಲಿ. ಕಡೆಗಣ್ಣಿಗೆ ಆಕಾರ, ಬಣ್ಣ ಅಷ್ಟಾಗಿ ತಿಳಿಯದಿದ್ದರೂ ಸುತ್ತಲಿಗಿಂತ ಬೇರೆಯಾಗಿ ಹೊಳೆಯುವ ಚುಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಅಂಥದ್ದು ಸಿಕ್ಕಿದೊಡನೆ ಮುಂದಿನ ಜಿಗಿತ ಅತ್ತಲೇ ಹೋಗುತ್ತದೆ. ಅಲ್ಲಿರುವುದು ಏನೆಂದು ಗುರುತಿಸುವುದು ಆಮೇಲಿನ ಮಾತು. ‘ಇತ್ತ ನೋಡು’ ಎಂದು ಕಣ್ಣನ್ನು ಕರೆಯುವುದಷ್ಟೇ ದೀಪದ ಕೆಲಸ.

ನೇರ ಬರುವ ವಾಹನದ ಮೋಸ

ಅಡ್ಡಲಾಗಿ ಹಾಯುವ ವಾಹನ ಕಣ್ಣಿಗೆ ಸುಲಭವಾಗಿ ಬೀಳುತ್ತದೆ, ಏಕೆಂದರೆ ಹಿನ್ನೆಲೆಯ ಮರ, ಗೋಡೆಗಳ ಎದುರು ಅದು ಜಾಗ ಬದಲಿಸುತ್ತಿರುತ್ತದೆ. ನೇರ ನಮ್ಮತ್ತಲೇ ಬರುವ ವಾಹನ ಹಾಗಲ್ಲ. ಅದು ದೃಶ್ಯದಲ್ಲಿ ನಿಂತಲ್ಲೇ ನಿಂತು ಮೆಲ್ಲಗೆ ದೊಡ್ಡದಾಗುತ್ತದೆ, ಅಷ್ಟೆ. ಅತಿ ಅಪಾಯದ ವಾಹನವೇ ಅತಿ ಕಡಿಮೆ ಚಲಿಸುವಂತೆ ಕಾಣುತ್ತದೆ.

ಲೆಕ್ಕ ನೋಡಿ. ಸುಮಾರು 1.75 ಮೀಟರ್ ಅಗಲದ ಕಾರು 200 ಮೀಟರ್ ದೂರದಲ್ಲಿ ಹುಣ್ಣಿಮೆ ಚಂದ್ರನಷ್ಟೇ ಅಗಲ ಕಾಣುತ್ತದೆ, ಅಂದರೆ ಅರ್ಧ ಡಿಗ್ರಿ. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ನೀವೂ 80 ಕಿಲೋಮೀಟರ್ ವೇಗದಲ್ಲಿದ್ದು ಅದೂ 80ರಲ್ಲಿ ಬರುತ್ತಿದ್ದರೆ ನಿಮ್ಮಿಬ್ಬರ ನಡುವಿನ ದೂರ ಸೆಕೆಂಡಿಗೆ 44 ಮೀಟರ್ ಕರಗುತ್ತದೆ. ಅರ್ಧ ಡಿಗ್ರಿ ಒಂದು ಡಿಗ್ರಿಯಾಗಲು ಎರಡು ಸೆಕೆಂಡಿಗೂ ಹೆಚ್ಚು ಬೇಕು. ಒಂದು ಎರಡಾಗಲು ಒಂದೇ ಸೆಕೆಂಡು. ಎರಡು ನಾಲ್ಕಾಗಲು ಅರ್ಧ ಸೆಕೆಂಡು. ಎಷ್ಟೋ ಹೊತ್ತು ಸುಮ್ಮನಿದ್ದ ವಾಹನ ಕೊನೆಗೆ ಧುತ್ತೆಂದು ಮೈಮೇಲೆ ಬಿದ್ದಂತೆ ಅನಿಸುವುದು ಇದಕ್ಕೇ.

ಕಾರಿನ ಎರಡು ದೀಪಗಳು ಇಲ್ಲಿ ಇನ್ನೊಂದು ಉಪಕಾರ ಮಾಡುತ್ತವೆ. ವಾಹನ ಹತ್ತಿರ ಬಂದಂತೆ ಆ ಎರಡು ಚುಕ್ಕೆಗಳ ನಡುವಿನ ಅಂತರ ಹಿಗ್ಗುತ್ತದೆ. ಮಿದುಳು ಅದರಿಂದ ವೇಗವನ್ನು ಅಂದಾಜು ಮಾಡಬಲ್ಲದು. ಬೈಕಿಗೆ ದೀಪ ಒಂದೇ. ಅದು ಇದೆ ಎಂದು ತಿಳಿಯುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಬರುತ್ತಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಸಣ್ಣದಾಗಿ ಕಂಡದ್ದನ್ನು ದೂರವಿದೆ ಎಂದೇ ಎಣಿಸುವುದು ನಮ್ಮ ರೂಢಿ. ಬೈಕಿನ ಮುಂದೆ ನುಗ್ಗಿ ರಸ್ತೆ ದಾಟುವ ಕಾರಿನವರು ಎಲ್ಲ ಸಲವೂ ದುಡುಕಿನವರೇ ಆಗಿರಬೇಕಿಲ್ಲ.

ಸಂತೆಯ ಕೂಗು

ಇನ್ನು ಮೂಲ ಪ್ರಶ್ನೆಗೆ ಬರೋಣ. ಬಿಸಿಲಿನ ನಡುವೆ ದೀಪ ಹೇಗೆ ಕಾಣುತ್ತದೆ?

ಮನೆಯಂಗಳದಲ್ಲಿ ನಿಂತು ಯಾರನ್ನಾದರೂ ಹೆಸರು ಹಿಡಿದು ಕರೆದರೆ ಒಳಮನೆಗೂ ಕೇಳುತ್ತದೆ. ಅದೇ ದನಿಯಲ್ಲಿ ವಾರದ ಸಂತೆಯ ನಡುವೆ ಕರೆದರೆ ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ. ದನಿ ಕುಗ್ಗಿಲ್ಲ, ಸುತ್ತಲಿನ ಗದ್ದಲ ಹೆಚ್ಚಾಗಿದೆ. ಕಿವಿಗೆ ಸಿಗುವುದು ಗದ್ದಲವನ್ನು ಮೀರಿದ ಪಾಲು ಮಾತ್ರ. ಕಣ್ಣಿನ ಲೆಕ್ಕವೂ ಇದೇ. ದೀಪದ ಬೆಳಕು ಒಟ್ಟು ಎಷ್ಟು ಎಂಬುದನ್ನು ಕಣ್ಣು ಕೇಳುವುದಿಲ್ಲ, ಹಿನ್ನೆಲೆಗಿಂತ ಎಷ್ಟು ಹೆಚ್ಚು ಎಂದಷ್ಟೇ ಕೇಳುತ್ತದೆ. ಈ ಹೆಚ್ಚಳವನ್ನು ಬೆಳಕಿನ ಅಂತರ ಎನ್ನೋಣ. ಹಗಲುದೀಪದ ಲಾಭ ನಷ್ಟವೆಲ್ಲ ಈ ಒಂದು ಅಂತರದಿಂದಲೇ ಹುಟ್ಟುತ್ತದೆ.

ಏಪ್ರಿಲ್ ತಿಂಗಳ ನಡುಹಗಲಲ್ಲಿ ದೇಹೂ ರೋಡಿನ ಡಾಂಬರು, ಗೋಡೆ, ಆಕಾಶ ಎಲ್ಲವೂ ಝಳಪಿಸುತ್ತಿರುತ್ತವೆ. ಆಗ ಹಗಲುದೀಪದ ಪಾಲಿಗೆ ಅದು ತುಂಬಿದ ಸಂತೆ. ದೀಪ ಉರಿಯುತ್ತದೆ, ದೂರದಿಂದ ಅದರ ಗಮನ ಸೆಳೆಯುವ ಶಕ್ತಿ ಅಲ್ಪ. ಜುಲೈನಲ್ಲಿ ಅದೇ ಜಾಗ ನೋಡಿ. ಪಶ್ಚಿಮದ ಲೋಣಾವಳೆಯ ಕಡೆಯಿಂದ ಮೋಡ ಕವಿದು ಮಳೆ ಹಿಡಿದಾಗ ಬೆಳಕು ನಡುಹಗಲಿನ ಹತ್ತರಲ್ಲೊಂದು ಪಾಲಿಗೂ ಕೆಳಗಿಳಿಯುತ್ತದೆ. ರಸ್ತೆ ಬೂದು, ಆಕಾಶ ಬೂದು, ಬೂದು ಬಣ್ಣದ ಕಾರು ಅದರೊಳಗೆ ಕಲಸಿಹೋಗುತ್ತದೆ. ಆ ಹೊತ್ತಿನಲ್ಲಿ ಎರಡು ಬಿಳಿ ಚುಕ್ಕೆಗಳು ನೂರಿನ್ನೂರು ಮೀಟರ್ ಮೊದಲೇ ಎದ್ದು ಕಾಣುತ್ತವೆ. ಆಗುಂಬೆ, ಚಾರ್ಮಾಡಿ ಘಾಟಿಗಳ ಮರದ ನೆರಳಿನಲ್ಲೂ ಇದೇ ಕಥೆ. ಬಿಸಿಲು ನೆರಳಿನ ಮಚ್ಚೆಗಳು ವಾಹನದ ಆಕಾರವನ್ನು ಒಡೆದುಹಾಕುತ್ತವೆ, ಒಳಗಿನಿಂದ ಉರಿಯುವ ದೀಪವನ್ನು ಒಡೆಯಲಾರವು.

ಮಂದ ಬೆಳಕಿನ ಇನ್ನೊಂದು ಅಪಾಯವೆಂದರೆ ಅದು ಮಂದವಾಗಿದೆ ಎಂದು ನಮಗೆ ತಿಳಿಯದಿರುವುದು. ಸೂರ್ಯ ಮುಳುಗುವ ಕ್ಷಣಕ್ಕೆ ನೆಲದ ಮೇಲಿನ ಬೆಳಕು ಕೆಲವು ನೂರು ಲಕ್ಸ್. ನಮ್ಮ ಅಕ್ಷಾಂಶದಲ್ಲಿ ಮುಂದಿನ 20–25 ನಿಮಿಷಗಳಲ್ಲೇ ಅದು ಮೂರು ನಾಲ್ಕು ಲಕ್ಸಿಗೆ ಕುಸಿಯುತ್ತದೆ. ಕಣ್ಣು ತನ್ನನ್ನು ತಾನು ಹೊಂದಿಸಿಕೊಳ್ಳುತ್ತ ಹೋಗುವುದರಿಂದ ‘ಇನ್ನೂ ಬೆಳಕಿದೆಯಲ್ಲ’ ಎಂದೇ ಚಾಲಕನಿಗೆ ಅನಿಸುತ್ತದೆ. ಆ ಅರ್ಧ ಗಂಟೆಯಲ್ಲಿ ತಾನಾಗಿ ಉರಿಯುವ ದೀಪವೊಂದು ಇದ್ದರೆ ಒಳ್ಳೆಯದೇ.

ದೀಪ ಹಚ್ಚಿ ಮರೆಯಾದ ವಿಮಾನ

ಬೆಳಕು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತೇವೆ ಎಂಬುದು ಸಾಮಾನ್ಯ ನಂಬಿಕೆ. ಅದನ್ನು ತಲೆಕೆಳಗು ಮಾಡಿದ ಪ್ರಯೋಗವೊಂದು ಎರಡನೇ ಮಹಾಯುದ್ಧದಲ್ಲಿ ನಡೆಯಿತು. ನೀರಿನ ಮೇಲೆ ತೇಲುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳು ದೂರದಲ್ಲೇ ವಿಮಾನವನ್ನು ಕಂಡು ಮುಳುಗಿಬಿಡುತ್ತಿದ್ದವು. ಆಕಾಶದ ಬೆಳಕಿನ ಎದುರು ವಿಮಾನ ಕಪ್ಪು ಚುಕ್ಕೆಯಾಗಿ ಕಾಣುತ್ತಿದ್ದುದೇ ಅದಕ್ಕೆ ಕಾರಣ. ಅಮೆರಿಕದ ನೌಕಾಪಡೆ 1943ರ ಸುಮಾರಿಗೆ ಒಂದು ಉಪಾಯ ಹೂಡಿತು. ಅವೆಂಜರ್ ವಿಮಾನದ ಮುಂಭಾಗಕ್ಕೂ ರೆಕ್ಕೆಗಳ ಮುಂಚೂಣಿಗೂ ದೀಪಗಳನ್ನು ಜೋಡಿಸಿ, ಅವುಗಳ ಬೆಳಕನ್ನು ಹಿಂದಿನ ಆಕಾಶಕ್ಕೆ ಸರಿಸಮ ಮಾಡಿದರು. ದೀಪವಿಲ್ಲದಾಗ ಸುಮಾರು 19 ಕಿಲೋಮೀಟರ್ ದೂರದಿಂದ ಕಾಣುತ್ತಿದ್ದ ವಿಮಾನ ದೀಪ ಹಚ್ಚಿದ ಮೇಲೆ ಮೂರು ಕಿಲೋಮೀಟರ್ ಒಳಗೆ ಬರುವ ತನಕ ಕಾಣಲಿಲ್ಲ. ಯೆಹೂದಿ ಲೈಟ್ಸ್ ಎಂದು ಅದಕ್ಕೆ ಹೆಸರು. ರೇಡಾರ್ ಬಂದದ್ದರಿಂದ ಆ ಉಪಾಯ ಮೂಲೆಗೆ ಬಿತ್ತು.

ಅಂತರವನ್ನು ಅಳಿಸಿದರೆ ಉರಿಯುವ ದೀಪವೂ ಮರೆಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾರಿನ ಪುಟ್ಟ ದೀಪಗಳು ಕಾರನ್ನು ಹೀಗೆ ಮಾಯ ಮಾಡಲಾರವು. ಆದರೆ ಹಿನ್ನೆಲೆ ತೀರಾ ಪ್ರಖರವಾದಾಗ ಅವು ಸೋಲುತ್ತವೆ. ಸಂಜೆ ದೇಹೂ ರೋಡಿನಿಂದ ಲೋಣಾವಳೆಯತ್ತ ಹೊರಟವರ ಮುಖಕ್ಕೆ ಇಳಿಬಿಸಿಲು ಹೊಡೆಯುತ್ತದೆ. ಆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎದುರು ಬರುವ ವಾಹನದ ಹಗಲುದೀಪ ಆ ಝಳದಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ದೀಪವನ್ನು ನಂಬುವಂತಿಲ್ಲ, ವೇಗ ಇಳಿಸುವುದೊಂದೇ ದಾರಿ.

ಹೆಲ್ಸಿಂಕಿಯ ಮಧ್ಯಾಹ್ನ, ಪುಣೆಯ ಮಧ್ಯಾಹ್ನ

ಹಗಲಲ್ಲಿ ದೀಪ ಹಚ್ಚಿ ಎಂಬ ಕಾನೂನು ಹುಟ್ಟಿದ್ದು ಉತ್ತರ ಯುರೋಪಿನಲ್ಲಿ. ಫಿನ್ಲೆಂಡ್ 1972ರಲ್ಲಿ ಊರ ಹೊರಗಿನ ರಸ್ತೆಗಳಿಗೆ, ಅದೂ ಚಳಿಗಾಲಕ್ಕೆ ಎಂದು ಶುರುಮಾಡಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಕಡ್ಡಾಯ ಮಾಡಿತು. ಆಮೇಲೆ ನಾರ್ವೆ, ಐಸ್‌ಲೆಂಡ್, ಡೆನ್ಮಾರ್ಕ್ ಒಂದೊಂದಾಗಿ ಸೇರಿದವು. ಕೆನಡಾ 1989ರ ಡಿಸೆಂಬರ್ 1ರಿಂದ ಹೊಸ ವಾಹನಗಳಿಗೆ ಹಗಲುದೀಪ ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿದ ಮೇಲೆ ಪ್ರಪಂಚದ ಬಹಳಷ್ಟು ಕಂಪನಿಗಳ ಕಾರುಗಳಿಗೂ ಅದು ಅಂಟಿಕೊಂಡಿತು. ನಮ್ಮ ಊರಿನ ಶೋರೂಮಿಗೆ ಬಂದದ್ದು ಆ ದಾರಿಯಿಂದ.

ಉತ್ತರದವರೇ ಮೊದಲು ಯಾಕೆ? ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯ ಸೂರ್ಯ ನಡುಮಧ್ಯಾಹ್ನದಲ್ಲೂ ದಿಗಂತದಿಂದ ಆರೇಳು ಡಿಗ್ರಿ ಮೇಲೇರುವುದಿಲ್ಲ. ಆರು ಗಂಟೆಯೂ ತುಂಬದ ಹಗಲೆಲ್ಲ ಅವರಿಗೆ ಮುಸ್ಸಂಜೆಯಂತೆ. ಅದೇ ದಿನ ಪುಣೆಯಲ್ಲಿ ಸೂರ್ಯ 48 ಡಿಗ್ರಿ ಎತ್ತರದಲ್ಲಿರುತ್ತಾನೆ. ಅವರ ಹಿನ್ನೆಲೆ ಮಬ್ಬು, ನಮ್ಮದು ಝಗಝಗ. ಅಂತರದ ಲೆಕ್ಕದಲ್ಲಿ ಒಂದೇ ದೀಪಕ್ಕೆ ಎರಡು ಊರಲ್ಲಿ ಎರಡು ಬೆಲೆ.

ಅಧ್ಯಯನಗಳ ಫಲಿತಾಂಶದಲ್ಲೂ ಈ ಏರುಪೇರು ಕಾಣುತ್ತದೆ. ಅದುವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ನಾರ್ವೆಯ ರೂನೆ ಎಲ್ವಿಕ್ 1996ರಲ್ಲಿ ಹೇಳಿದ್ದು ಇದು: ಹಗಲುದೀಪ ಬಳಸುವ ಕಾರುಗಳು ಹಗಲಲ್ಲಿ ಬೇರೆಯವರೊಂದಿಗೆ ಢಿಕ್ಕಿಯಾಗುವುದು ಸುಮಾರು ಶೇ. 10ರಿಂದ 15ರಷ್ಟು ಕಡಿಮೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ 2008ರ ಅಧ್ಯಯನದಲ್ಲಿ ಒಟ್ಟಾರೆಯಾಗಿ ಖಚಿತವೆನ್ನುವಂಥ ಲಾಭ ಸಿಗಲಿಲ್ಲ. ಹಗಲುದೀಪವನ್ನು ಕಡ್ಡಾಯ ಮಾಡಿ ಎಂದು ಜನರಲ್ ಮೋಟಾರ್ಸ್ 2001ರಲ್ಲಿ ಸಲ್ಲಿಸಿದ್ದ ಅರ್ಜಿಯನ್ನು ಅದು 2009ರಲ್ಲಿ ತಳ್ಳಿಹಾಕಿತು. ಎರಡೂ ಪ್ರಾಮಾಣಿಕ ಉತ್ತರಗಳೇ. ಅಳೆದ ಜಾಗಗಳ ಬೆಳಕು ಬೇರೆ ಬೇರೆ ಎಂಬುದನ್ನು ಮರೆಯಬಾರದು.

ಎಲ್ಲರೂ ಕೂಗಿದರೆ

ಅಂತರದ ಕಥೆಗೆ ಇನ್ನೊಂದು ಮಗ್ಗುಲಿದೆ. ಸಂತೆಯಲ್ಲಿ ಒಬ್ಬ ಕೂಗಿದರೆ ಜನ ತಿರುಗಿ ನೋಡುತ್ತಾರೆ. ಎಲ್ಲರೂ ಕೂಗಿದರೆ ಯಾರೂ ತಿರುಗುವುದಿಲ್ಲ. ಕೂಗಲಾರದವನ ಗತಿಯಂತೂ ಕೇಳುವುದೇ ಬೇಡ.

ಹಗಲಲ್ಲಿ ದೀಪ ಹಚ್ಚುವುದರಿಂದ ಹೆಚ್ಚು ಲಾಭವಾಗಬೇಕಾದದ್ದು ಬೈಕಿಗೆ. ಅಮೆರಿಕದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಎದುರಿನ ಚಾಲಕನಿಗೆ ಬೈಕ್ ಕಾಣದೆ ಹೋದದ್ದೇ ಢಿಕ್ಕಿಗಳ ದೊಡ್ಡ ಕಾರಣ, ಹಗಲಲ್ಲೂ ಹೆಡ್‌ಲೈಟ್ ಹಚ್ಚಿದ್ದರೆ ಅಪಾಯ ಕಡಿಮೆ ಎಂದು ಆ ವರದಿ ಹೇಳಿತು. ನಮ್ಮ 2017ರ ನಿಯಮದ ಹಿಂದಿನ ತರ್ಕವೂ ಇದೇ. ಈಗ ಕಾರುಗಳೂ ದೀಪ ಹಚ್ಚಿಕೊಂಡರೆ ಬೈಕಿಗೆ ಸಿಕ್ಕ ಆ ಅಂತರ ಕರಗುವುದಿಲ್ಲವೇ?

ಫ್ರಾನ್ಸಿನ ವಿಯೋಲಾ ಕವಾಲೋ ಮತ್ತು ಮರಿಯಾ ಪಿಂಟೊ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಗಿಜಿಗುಡುವ ನಗರ ರಸ್ತೆಗಳ ಚಿತ್ರಗಳನ್ನು ಕಾಲು ಸೆಕೆಂಡು ಮಾತ್ರ ತೋರಿಸಿ, ಅದರಲ್ಲಿ ಬೈಕ್, ಸೈಕಲ್, ನಡೆಯುವವರು ಇದ್ದರೇ ಎಂದು ಕೇಳಿದರು. ಚಿತ್ರದ ಕಾರುಗಳಲ್ಲಿ ಹಗಲುದೀಪ ಉರಿಯುತ್ತಿದ್ದಾಗ ಜನ ಬೈಕುಗಳನ್ನು ಹೆಚ್ಚಾಗಿ ಗಮನಿಸದೆ ಹೋದರು, ಅದರಲ್ಲೂ ದೂರದ ಬೈಕುಗಳನ್ನು. ಸೈಕಲ್ಲಿನವರು, ನಡೆಯುವವರು ಕೂಡ ಹೆಚ್ಚಾಗಿ ಕಾಣದೆ ಹೋದರು. ಆಸ್ಟ್ರಿಯಾದಲ್ಲೂ ಇದೇ ಆತಂಕ ಕೇಳಿಬಂದಿತ್ತು. ಆ ದೇಶ 2005ರ ನವೆಂಬರಿನಲ್ಲಿ ಹಗಲುಹೊತ್ತಿನ ದೀಪ ಕಡ್ಡಾಯ ಮಾಡಿ, 2008ರ ಜನವರಿ 1ಕ್ಕೆ ಆ ನಿಯಮವನ್ನು ವಾಪಸು ಪಡೆಯಿತು.

ನಮಗೆ ಇದು ದೂರದ ಸುದ್ದಿಯಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದವರು, ಶೇ. 19.5ರಷ್ಟು ನಡೆದು ಹೋಗುತ್ತಿದ್ದವರು. ನಮ್ಮ ದೇಹೂ ರೋಡಿನ ಬಳಿಯ ದೇಹೂವಿನಿಂದಲೇ ತುಕಾರಾಮ ಮಹಾರಾಜರ ಪಾಲಖಿ (ಪಲ್ಲಕ್ಕಿ ಯಾತ್ರೆ) ಹೊರಡುವುದು ಮಳೆಗಾಲದ ಆರಂಭದಲ್ಲಿ. ಪಾಲಖಿಯ ದಿನ ಪೊಲೀಸರು ವಾಹನಗಳನ್ನು ಬೇರೆಡೆ ತಿರುಗಿಸುತ್ತಾರೆ. ಅದಕ್ಕೆ ಮೊದಲು ನಾನಾ ಊರುಗಳಿಂದ ದೇಹೂವಿಗೆ ನಡೆದು ಬರುವ ಸಣ್ಣ ದಿಂಡಿಗಳಿಗೆ, ಅಂದರೆ ಭಕ್ತರ ತಂಡಗಳಿಗೆ, ಆ ಕಾವಲಿಲ್ಲ. ಮೋಡ ಮುಸುಕಿದ ಬೆಳಗಿನಲ್ಲಿ ಸಾಲುಗಟ್ಟಿದ ಕಾರುಗಳ ದೀಪಗಳ ನಡುವೆ, ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು ಅಂಚಿನಲ್ಲಿ ನಡೆಯುವ ವಾರಕರಿ ಯಾತ್ರಿಕನಿಗೆ ಹಚ್ಚಿಕೊಳ್ಳಲು ಯಾವ ದೀಪವೂ ಇಲ್ಲ. ದೀಪವಿರುವ ವಾಹನದ ಚಾಲಕನೇ ಕಣ್ಣನ್ನು ದೀಪಗಳಿಂದ ಕಿತ್ತು ಅಂಚಿನತ್ತ ಹಾಯಿಸಬೇಕು.

ಮುಂದೆ ಬೆಳಕು, ಹಿಂದೆ ಕತ್ತಲು

ಹಗಲುದೀಪದ ಅತಿ ದೊಡ್ಡ ದೋಷ ಕಾರಿನ ಮುಂದಿಲ್ಲ, ಹಿಂದಿದೆ. ಬಹಳಷ್ಟು ಕಾರುಗಳಲ್ಲಿ ಹಗಲುದೀಪ ಉರಿಯುವಾಗ ಹಿಂಬದಿಯ ಕೆಂಪು ದೀಪ ಉರಿಯುವುದಿಲ್ಲ. ಹೊತ್ತು ಮುಳುಗುತ್ತದೆ. ಚಾಲಕನ ಮುಂದೆ ಮೀಟರಿನ ಪರದೆ ಥಳಥಳಿಸುತ್ತಿದೆ, ಮುಂದಿನ ವಾಹನದ ಬೆನ್ನಿನ ಮೇಲೆ ತನ್ನ ದೀಪದ ಬಿಳಿ ಛಾಯೆಯೂ ಬೀಳುತ್ತಿದೆ, ಬೀದಿದೀಪಗಳಿವೆ. ಲೈಟ್ ಹಾಕಿಯೇ ಇದ್ದೇನೆ ಎಂದುಕೊಂಡು ಅವನು ನಿಶ್ಚಿಂತೆಯಿಂದ ಹೋಗುತ್ತಾನೆ. ಹಿಂದೆ ಬರುವ ಲಾರಿಗೆ ಮಾತ್ರ ಅಲ್ಲೊಂದು ಕಾರಿದೆ ಎಂಬ ಸುಳಿವೇ ಇಲ್ಲ.

ಕೆನಡಾದವರು ಇಂಥ ಕಾರುಗಳನ್ನು ಭೂತವಾಹನ ಎಂದು ಕರೆದರು. ದೂರುಗಳು ಹೆಚ್ಚಾಗಿ, 2021ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ವಾಹನಗಳಿಗೆ ಮೂರರಲ್ಲೊಂದು ದಾರಿ ಕಡ್ಡಾಯವಾಯಿತು: ಹಗಲುದೀಪದ ಜೊತೆಗೆ ಹಿಂದಿನ ದೀಪವೂ ಉರಿಯಬೇಕು, ಅಥವಾ ಕತ್ತಲಾದೊಡನೆ ಎಲ್ಲ ದೀಪಗಳೂ ತಾನಾಗಿ ಹೊತ್ತಬೇಕು, ಅಥವಾ ಚಾಲಕನ ಮುಂದಿನ ಪರದೆ ಕತ್ತಲಾಗಿಯೇ ಉಳಿದು ಅವನನ್ನು ಎಚ್ಚರಿಸಬೇಕು.

ಬೆಳಗಾವಿ, ಕೊಲ್ಹಾಪುರದ ಹೆದ್ದಾರಿಯಲ್ಲಿ ಕಬ್ಬಿನ ಕಾಲದಲ್ಲಿ ಸಂಜೆ ಓಡಾಡಿದವರಿಗೆ ಹಿಂದೆ ದೀಪವಿಲ್ಲದ ಟ್ರಾಲಿಯ ಭಯ ಗೊತ್ತು. ಟ್ರ್ಯಾಕ್ಟರಿನವನನ್ನು ನಾವು ಬೈಯುತ್ತೇವೆ. ಮಳೆಯಲ್ಲಿ ಬರಿ ಹಗಲುದೀಪ ಹಚ್ಚಿಕೊಂಡು ಹೊರಟ ಹೊಸ ಕಾರು ಕೂಡ ಹಿಂದಿನಿಂದ ಅಂಥದ್ದೇ ಟ್ರಾಲಿ.

ಪೆಟ್ರೋಲು ಮತ್ತು ಪ್ರಖರತೆ

ಬ್ಯಾಟರಿ ಹಾಳಾಗುತ್ತದೆ ಎಂಬ ಹಳೆಯ ಆತಂಕಕ್ಕೆ ಬರೋಣ. ಎಂಜಿನ್ ಓಡುವಾಗ ದೀಪಕ್ಕೆ ವಿದ್ಯುತ್ ಕೊಡುವುದು ಎಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರ್. ಆದ್ದರಿಂದ ಬ್ಯಾಟರಿ ಬರಿದಾಗುವುದಿಲ್ಲ, ಆದರೆ ಪೆಟ್ರೋಲು ಖರ್ಚಾಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದೆ. ಎಂಜಿನ್, ಆಲ್ಟರ್ನೇಟರ್ ಎರಡರಲ್ಲೂ ಸೋರಿ ಕೊನೆಗೆ ವಿದ್ಯುತ್ತಾಗಿ ಸಿಗುವುದು ಅದರ ಆರು ಏಳರಲ್ಲೊಂದು ಪಾಲು. ಹಳೆಯ ಹ್ಯಾಲೊಜೆನ್ ಹೆಡ್‌ಲೈಟ್ ಜೋಡಿ, ಹಿಂದಿನ ದೀಪಗಳು ಎಲ್ಲ ಸೇರಿ ಸುಮಾರು 150 ವ್ಯಾಟ್ ತಿಂದರೆ ಎಂಟೊಂಬತ್ತು ಗಂಟೆಗೆ ಒಂದು ಲೀಟರ್ ಹೋಗುತ್ತದೆ. ಸುಮಾರು 15 ವ್ಯಾಟಿನ ಎಲ್‌ಇಡಿ ಹಗಲುದೀಪದ ಜೋಡಿಯಾದರೆ ಅದೇ ಒಂದು ಲೀಟರಿಗೆ ಎಂಬತ್ತು ಗಂಟೆಗೂ ಹೆಚ್ಚು ಉರಿಯುತ್ತದೆ. ಖರ್ಚಿನ ವಾದ ಹೆಡ್‌ಲೈಟಿಗೆ ಒಪ್ಪುತ್ತದೆ, ಹಗಲುದೀಪಕ್ಕೆ ಒಪ್ಪುವುದಿಲ್ಲ.

ಪ್ರಖರತೆಯ ದೂರು ಹಾಗಲ್ಲ. ಅಮೆರಿಕದಲ್ಲಿ ಹೈ ಬೀಮನ್ನೇ ತಗ್ಗಿಸಿ 7,000 ಕ್ಯಾಂಡೆಲಾ ತನಕ ಹಗಲುದೀಪವಾಗಿ ಉರಿಸಲು ಬಿಟ್ಟಿದ್ದರಿಂದ ಕಣ್ಣು ಕುಕ್ಕುತ್ತದೆಂದು ಜನ ರೊಚ್ಚಿಗೆದ್ದರು. ನಮ್ಮಲ್ಲಿ ಆ ಕೆಲಸ ಮಾಡುತ್ತಿರುವುದು ಆಕ್ಸೆಸರೀಸ್ ಅಂಗಡಿಯ ಎಲ್‌ಇಡಿ ಪಟ್ಟಿಗಳು. ಕಂಪನಿಯ ದೀಪಕ್ಕೆ ಮಾನಕದ ಪರೀಕ್ಷೆಯಿದೆ. ಅಂಗಡಿಯ ಪಟ್ಟಿಗೆ ಯಾವ ಅಳತೆಯೂ ಇಲ್ಲ, ಕತ್ತಲಾದರೆ ತಗ್ಗುವುದಿಲ್ಲ, ಪಕ್ಕದಲ್ಲೇ ಮಿನುಗುವ ಇಂಡಿಕೇಟರನ್ನು ನುಂಗಿಹಾಕುತ್ತದೆ. ಕಂಪನಿಯ ಕಾರುಗಳಲ್ಲಿ ಇಂಡಿಕೇಟರ್ ಹಾಕಿದ ಬದಿಯ ಹಗಲುದೀಪ ಮಂಕಾಗುವುದನ್ನೋ ಆರಿಹೋಗುವುದನ್ನೋ ನೀವು ಗಮನಿಸಿರಬಹುದು. ಅದು ಕೆಟ್ಟಿರುವುದಲ್ಲ, ಹಳದಿ ದೀಪ ಎದ್ದು ಕಾಣಲೆಂದು ಬಿಟ್ಟುಕೊಟ್ಟ ಜಾಗ.

ಹಾಗಾದರೆ ಬೇಕೋ ಬೇಡವೋ?

ಬೇಕು. ಅದರ ಖರ್ಚು ಅಲ್ಪ, ಮಳೆಗಾಲಕ್ಕೂ ಘಾಟಿಗೂ ಮುಸ್ಸಂಜೆಗೂ ಅದು ನಿಜವಾಗಿ ನೆರವಾಗುತ್ತದೆ. ನಡುಹಗಲ ಬಿಸಿಲಿನಲ್ಲಿ ಅದರಿಂದ ಹೆಚ್ಚು ಲಾಭವಿಲ್ಲ. ಬೈಕಿನ ಸದಾ ಉರಿಯುವ ದೀಪವನ್ನು ಕತ್ತರಿಸಿ ಸ್ವಿಚ್ ಹಾಕಿಸಿಕೊಳ್ಳುವುದು ಮೂರ್ಖತನ. ಹಳೆಯ ಕಾರಿಗೆ ಬಜಾರಿನ ಎಲ್‌ಇಡಿ ಪಟ್ಟಿ ಅಂಟಿಸುವ ಬದಲು ಮೋಡ ಕವಿದಾಗ ಡಿಮ್ ಹೆಡ್‌ಲೈಟ್ ಹಾಕಿದರೆ ಮುಂದೆಯೂ ಹಿಂದೆಯೂ ಕೆಲಸವಾಗುತ್ತದೆ. ಇನ್ನು ಕಾನೂನು ಮಾಡುವವರು ಕಾರಿಗೆ ಹಗಲುದೀಪ ಕಡ್ಡಾಯ ಮಾಡುವುದಾದರೆ ಹಿಂದಿನ ಕೆಂಪು ದೀಪವನ್ನೂ ಅದರ ಜೊತೆಗೇ ಕಟ್ಟಿಹಾಕಬೇಕು.

ನಿಮ್ಮ ಕಾರಿನ ಸ್ಥಿತಿ ತಿಳಿಯಲು ಎರಡು ನಿಮಿಷ ಸಾಕು. ಇವತ್ತು ಸಂಜೆ ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಚಾಲೂ ಮಾಡಿ, ಲೈಟಿನ ಸ್ವಿಚ್ ಮುಟ್ಟದೆ ಇಳಿದು ಕಾರಿನ ಹಿಂದೆ ಹೋಗಿ ನಿಲ್ಲಿ. ಕೆಂಪು ದೀಪ ಉರಿಯುತ್ತಿಲ್ಲವಾದರೆ, ಮಳೆ ಬಂದಾಗಲೂ ಹೊತ್ತು ಇಳಿದಾಗಲೂ ಆ ಸ್ವಿಚ್ ತಿರುಗಿಸುವ ಕೆಲಸ ನಿಮ್ಮದೇ.